ಚೀಲ ಹರಿಯದಂತೆ ಹಿಡಿದದ್ದು ಯಾವುದು?

ಬೋಧನಾಭ್ಯಾಸದ ಎರಡನೆಯ ವಾರ. ನನಗೆ ಹಂಚಿಕೆಯಾಗಿದ್ದದ್ದು ಬಿಂಕದಕಟ್ಟಿಯ ಶಾಲೆಯ ಒಂಬತ್ತನೆಯ ತರಗತಿ, ವಿಜ್ಞಾನದಲ್ಲಿ ‘ಜೀವದ ಮೂಲ ಘಟಕ’ ಎಂಬ ಅಧ್ಯಾಯ. ಗದಗಿನಿಂದ ಹುಬ್ಬಳ್ಳಿ ರಸ್ತೆಯ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೇ ಊರು ಬರುತ್ತದೆ. ಮೃಗಾಲಯ ನೋಡಲು ಹೊರಟವರು, ಹೊಲಕ್ಕೆ ಹೊರಟವರು, ನನ್ನಂಥ ಪ್ರಶಿಕ್ಷಣಾರ್ಥಿಗಳು ಎಲ್ಲರೂ ಒಂದೇ ಬಸ್ಸಿನಲ್ಲಿ. ನನ್ನ ಕೈಚೀಲದಲ್ಲಿ ಆ ದಿನದ ಬೋಧನೋಪಕರಣವಿತ್ತು. ಒಂದು ದಪ್ಪ ಪ್ಲಾಸ್ಟಿಕ್ ಚೀಲ, ಒಂದು ನಿಂಬೆಹಣ್ಣು, ನಾಲ್ಕಾರು ಗುಂಡಿ, ಮಣಿ. ಶಾಲೆಗೆ ಹೋಗಿ ಚೀಲಕ್ಕೆ ನೀರು ತುಂಬಿ ಬಾಯಿ ಕಟ್ಟಿದರೆ ಜೀವಕೋಶ ಸಿದ್ಧ: ಚೀಲವೇ ಕೋಶಪೊರೆ, ನೀರು ಕೋಶದ್ರವ್ಯ, ನಿಂಬೆಹಣ್ಣು ಕೋಶಕೇಂದ್ರ.

ಪಾಠ ಚೆನ್ನಾಗಿಯೇ ನಡೆಯಿತು. ಮಕ್ಕಳು ಚೀಲವನ್ನು ಕೈಯಿಂದ ಕೈಗೆ ದಾಟಿಸಿ ಒತ್ತಿ ನೋಡಿದರು. ‘ವಿವರಣೆ’ ಹಂತ ಮುಗಿದು ‘ವಿಸ್ತರಣೆ’ಗೆ ಹೋಗಬೇಕು ಎನ್ನುವಾಗ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮೇಡಂರೀ, ಜೀವಕೋಶ ಹಿಂಗ ನೀರಿನ ಚೀಲ ಇದ್ದಂಗಿದ್ರ ಅದು ಹರಿಯಂಗಿಲ್ಲೇನ್ರಿ? ನಾವು ಓಡ್ತೀವಿ, ಜಿಗೀತೀವಿ, ಬೀಳ್ತೀವಿ. ಒಳಗ ಏನರ ಹಿಡಕೊಂಡಿರಬೇಕಲ್ರಿ?”

ಗಡಿಯಾರ ನೋಡಿದೆ. ಹನ್ನೆರಡು ನಿಮಿಷ ಉಳಿದಿತ್ತು. ಮೌಲ್ಯಮಾಪನದ ಐದು ಪ್ರಶ್ನೆ ಕಪ್ಪುಹಲಗೆಯ ಮೇಲೆ ಬರೆಯುವುದಿತ್ತು. ನಿಜ ಹೇಳಬೇಕೆಂದರೆ ಉತ್ತರವೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. “ಅದು ನಿಮ್ಮ ಪಠ್ಯದೊಳಗ ಇಲ್ಲ. ಮುಂದ ಪಿಯುಸಿಯೊಳಗ ಬರತೈತಿ, ಕುಂದ್ರು” ಎಂದೆ. ಅವಳು ಕುಳಿತಳು. ಐದೂ ಪ್ರಶ್ನೆಗಳಿಗೆ ಉತ್ತರ ಬಂದವು. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು.

ನನ್ನ ಪಾಠ ನೋಡಿದ ಸಹಪಾಠಿ ವೀಕ್ಷಣಾ ಪುಸ್ತಕದಲ್ಲಿ ಸಮಯ ಪಾಲನೆಗೆ ಪೂರ್ಣ ಅಂಕ ಕೊಟ್ಟಿದ್ದಳು. ಮಾರ್ಗದರ್ಶಕ ಉಪನ್ಯಾಸಕರು ಅಂಚಿನಲ್ಲಿ ಕೆಂಪು ಶಾಯಿಯಿಂದ ಎರಡೇ ಪದ ಬರೆದಿದ್ದರು: ‘ಪ್ರಶ್ನೆ ಏನಾಗಿತ್ತು?’

ಆ ಹೊತ್ತಿಗೆ ಅವರ ಮಾತು ನನಗೆ ಅಷ್ಟು ನಾಟಲಿಲ್ಲ. ನಾಟಿದ್ದು ಮಧ್ಯಾಹ್ನ. ಬಿಸಿಯೂಟದ ವೇಳೆಯಲ್ಲಿ ಆ ಹುಡುಗಿ ಒಬ್ಬ ಚಿಕ್ಕ ಹುಡುಗನನ್ನು ಬೆನ್ನ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಆಟವಿರಬೇಕು ಅಂದುಕೊಂಡೆ. ತರಗತಿ ಶಿಕ್ಷಕಿ ಮೆಲ್ಲಗೆ ಹೇಳಿದರು: ಅವನು ಅವಳ ತಮ್ಮ. ಎರಡು ವರ್ಷದ ಹಿಂದೆ ಓಡಾಡುತ್ತಿದ್ದ, ಆದರೆ ಆಗಾಗ ಬೀಳುತ್ತಿದ್ದ. ನೆಲದಿಂದ ಏಳುವಾಗ ಮೊಣಕಾಲು, ತೊಡೆ ಹಿಡಿದು ತನ್ನ ಮೈಯನ್ನೇ ತಾನು ಹತ್ತಿದ ಹಾಗೆ ಏಳುತ್ತಿದ್ದ. ಈಗ ನಾಲ್ಕು ಹೆಜ್ಜೆಗೆ ಕುಸಿಯುತ್ತಾನೆ. ಹುಬ್ಬಳ್ಳಿಯ ವೈದ್ಯರು ಡ್ಯುಶೇನ್ ಸ್ನಾಯುಕ್ಷಯ ಎಂದು ಹೇಳಿದ್ದಾರೆ. ಮನೆಯವರಿಗೆ ತಿಳಿಯಲೆಂದು “ಸ್ನಾಯುವಿನ ಜೀವಕೋಶದ ಚರ್ಮ ಹರೀತಾ ಹೋಗತೈತಿ” ಅಂದಿದ್ದಾರಂತೆ. ಆ ಮಾತನ್ನು ಕೇಳಿಸಿಕೊಂಡವರಲ್ಲಿ ಅಕ್ಕನೂ ಒಬ್ಬಳು.

ಅವಳು ಕೇಳಿದ್ದು ಪಠ್ಯದ ಆಚೆಯ ಕುತೂಹಲದ ಪ್ರಶ್ನೆಯಲ್ಲ, ಮನೆಯಿಂದ ತಂದ ಪ್ರಶ್ನೆ. ಅದನ್ನು ನಾನು ಪಿಯುಸಿಗೆ ಕಳಿಸಿಬಿಟ್ಟಿದ್ದೆ.

ಈ ಬರಹಕ್ಕೆ ಅವರ ತಾಯಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಗುರುತು ಹೇಳುವುದಿಲ್ಲ. ಮುಂದಿನ ವರ್ಷ ಇದೇ ಅಧ್ಯಾಯ ಕಲಿಸುವವರಿಗೆ ಉಪಯೋಗವಾಗಲೆಂದು ನಾನು ಓದಿದ್ದನ್ನೂ ಮಾಡಿದ್ದನ್ನೂ ತಪ್ಪಿದ್ದನ್ನೂ ಬರೆಯುತ್ತಿದ್ದೇನೆ.

ಆ ವಾರ ರಾತ್ರಿ ಕೂತು ಓದಿದೆ. ಪದವಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು. ‘ಸೈಟೋಸ್ಕೆಲಿಟನ್’ ಎಂಬ ಪದ ಪರೀಕ್ಷೆಗೆ ಬರೆದಿದ್ದೆ. ಕನ್ನಡದಲ್ಲಿ ಅದನ್ನು ‘ಕೋಶದ ಅಸ್ಥಿಪಂಜರ’ ಎನ್ನುತ್ತೇವೆ. ಓದುತ್ತಾ ಹೋದಂತೆ ಈ ಪದವೇ ನನ್ನನ್ನು ಇಷ್ಟು ದಿನ ದಾರಿ ತಪ್ಪಿಸಿತ್ತು ಎನಿಸಿತು. ಅಸ್ಥಿ ಎಂದೊಡನೆ ಗಟ್ಟಿಯಾದ, ಒಮ್ಮೆ ಬೆಳೆದರೆ ಹಾಗೇ ನಿಲ್ಲುವ ಎಲುಬು ಕಣ್ಣಿಗೆ ಬರುತ್ತದೆ. ಕೋಶದೊಳಗೆ ಇರುವುದು ಅಂಥದ್ದಲ್ಲ. ಅದು ನಮ್ಮ ಕಡೆ ಮದುವೆಗೆ, ಜಾತ್ರೆಗೆ ಹಾಕುವ ಹಂದರಕ್ಕೆ ಹೆಚ್ಚು ಹತ್ತಿರ. ಗಳು, ಹಗ್ಗ, ಕಟ್ಟು. ಬೇಕಾದಲ್ಲಿ ಕಟ್ಟುತ್ತಾರೆ, ಕೆಲಸ ಮುಗಿದ ಮೇಲೆ ಬಿಚ್ಚಿ ಅದೇ ಗಳುಗಳನ್ನು ಇನ್ನೊಂದು ಕಡೆ ನಿಲ್ಲಿಸುತ್ತಾರೆ.

ಈ ಹಂದರದ ಒಂದು ಮುಖ್ಯ ಸಾಮಗ್ರಿ ಆಕ್ಟಿನ್ ಎಂಬ ಪ್ರೋಟೀನ್. 1942ರಲ್ಲಿ ಹಂಗೇರಿಯ ಸೆಗೆಡ್ ನಗರದಲ್ಲಿ ಬ್ರೂನೊ ಸ್ಟ್ರಾಬ್ ಎಂಬ ವಿಜ್ಞಾನಿ ಇದನ್ನು ಸ್ನಾಯುವಿನಿಂದ ಬೇರ್ಪಡಿಸಿದರು. ಅವರು ಕೆಲಸ ಮಾಡುತ್ತಿದ್ದದ್ದು ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಅವರ ಪ್ರಯೋಗಾಲಯದಲ್ಲಿ. ವಿಟಮಿನ್ ಸಿ ಪಾಠದಲ್ಲಿ ನಾವು ಹೇಳುವ, 1937ರ ನೊಬೆಲ್ ಪಡೆದ ಅದೇ ವಿಜ್ಞಾನಿ. ಸ್ನಾಯುವಿನಲ್ಲಿ ಮೊದಲು ಸಿಕ್ಕಿತೆಂದು ಆಕ್ಟಿನ್ ಸ್ನಾಯುವಿಗೆ ಮಾತ್ರ ಸೇರಿದ್ದೆಂದು ನಾನು ನಂಬಿದ್ದೆ. ಅದು ತಪ್ಪು. ಮನುಷ್ಯನಲ್ಲಿ, ಸಸ್ಯದಲ್ಲಿ, ಅಮೀಬಾದಲ್ಲಿ, ಯೀಸ್ಟಿನಲ್ಲಿ, ಹೀಗೆ ಕೋಶಕೇಂದ್ರವುಳ್ಳ ಜೀವಕೋಶಗಳಲ್ಲೆಲ್ಲ ಅದಿದೆ.

ಒಂದು ಆಕ್ಟಿನ್ ಅಣುವಿನಲ್ಲಿ ಸುಮಾರು 375 ಅಮೈನೋ ಆಮ್ಲಗಳಿರುತ್ತವೆ. ಬಿಡಿಯಾಗಿದ್ದಾಗ ಅದು ಮಣಿಯಂತೆ ದುಂಡು. ಮಣಿಗಳು ಒಂದಕ್ಕೊಂದು ಸೇರಿದರೆ ಎರಡೆಳೆ ಹೊಸೆದ ದಾರದಂಥ ತಂತು ಆಗುತ್ತದೆ. ಈ ತಂತುವಿನ ದಪ್ಪ ಸುಮಾರು 7 ನ್ಯಾನೋಮೀಟರ್. ನಮ್ಮ ತಲೆಗೂದಲಿಗಿಂತ ಸುಮಾರು ಹತ್ತು ಸಾವಿರ ಪಟ್ಟು ತೆಳು. ಒಂದು ತುದಿಯಲ್ಲಿ ಮಣಿಗಳು ಬೇಗ ಸೇರುತ್ತವೆ, ಇನ್ನೊಂದು ತುದಿಯಲ್ಲಿ ಕಳಚಿಕೊಳ್ಳುತ್ತವೆ. ದಾರ ಅಲ್ಲಿಯೇ ಇದ್ದಂತೆ ಕಂಡರೂ ಅದರ ಮಣಿಗಳು ಬದಲಾಗುತ್ತಲೇ ಇರುತ್ತವೆ.

ಆದರೆ ಬರಿ ದಾರದಿಂದ ಏನೂ ಆಗದು. ದಾರವನ್ನು ಎಲ್ಲಿ ಶುರು ಮಾಡಬೇಕು, ಎಷ್ಟು ಉದ್ದ ಬಿಡಬೇಕು, ಎಲ್ಲಿ ಕತ್ತರಿಸಬೇಕು, ಯಾವುದಕ್ಕೆ ಕಟ್ಟಬೇಕು, ಇದನ್ನೆಲ್ಲ ನಿರ್ಧರಿಸುವುದು ಆಕ್ಟಿನ್‌ಗೆ ಅಂಟುವ ಬೇರೆ ಪ್ರೋಟೀನುಗಳು. ಪ್ರೊಫಿಲಿನ್ ಬಿಡಿ ಮಣಿಯನ್ನು ಹಿಡಿದು ಬೆಳೆಯುವ ತುದಿಗೆ ತಂದು ಕೊಡುತ್ತದೆ. ಕೋಫಿಲಿನ್ ಹಳೆಯ ದಾರವನ್ನು ಕತ್ತರಿಸುತ್ತದೆ. ಆರ್ಪ್2/3 ಎಂಬ ಗುಂಪು ದಾರದ ಪಕ್ಕದಿಂದ ಕವಲು ಒಡೆಸುತ್ತದೆ. ಆಲ್ಫಾ-ಆಕ್ಟಿನಿನ್ ಎರಡು ದಾರಗಳನ್ನು ಪಕ್ಕಪಕ್ಕ ಕಟ್ಟಿ ಹುರಿ ಮಾಡುತ್ತದೆ. ಫಿಲಮಿನ್ ಅಡ್ಡಡ್ಡ ಕಟ್ಟಿ ಬಲೆ ಮಾಡುತ್ತದೆ.

ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಒಂದಿತ್ತು. ಈ ಕಟ್ಟುವ ಪ್ರೋಟೀನುಗಳು ದೊಡ್ಡವು, ಒಂದರಂತೆ ಇನ್ನೊಂದಿಲ್ಲ. ಆದರೆ ಆಕ್ಟಿನ್ ಹಿಡಿಯುವ ಭಾಗ ಮಾತ್ರ ಹಲವುಗಳಲ್ಲಿ ಒಂದೇ ನಮೂನೆ. ಪ್ರೋಟೀನಿನಲ್ಲಿ ತನ್ನಷ್ಟಕ್ಕೆ ಮಡಚಿಕೊಂಡು ತನ್ನದೇ ಕೆಲಸ ಮಾಡುವ ಇಂಥ ಭಾಗವನ್ನು ‘ಡೊಮೈನ್’ ಎನ್ನುತ್ತಾರೆ. ಸುಮಾರು ನೂರು ಅಮೈನೋ ಆಮ್ಲಗಳ ‘ಕ್ಯಾಲ್ಪೊನಿನ್ ಹೋಮಾಲಜಿ ಡೊಮೈನ್’ ಎಂಬುದು ಅವುಗಳಲ್ಲಿ ಒಂದು. ಇಂಥವು ಎರಡು ಜೊತೆಯಾಗಿ ಕೂತು ಆಕ್ಟಿನ್ ದಾರವನ್ನು ಹಿಡಿಯುತ್ತವೆ. ಸ್ಪೆಕ್ಟ್ರಿನ್, ಆಲ್ಫಾ-ಆಕ್ಟಿನಿನ್, ಫಿಲಮಿನ್, ಯುಟ್ರೊಫಿನ್ ಮತ್ತು ಡಿಸ್ಟ್ರೊಫಿನ್, ಇವೆಲ್ಲವುಗಳ ತುದಿಯಲ್ಲಿಯೂ ಈ ಜೋಡಿ ಇದೆ. ಬೇರೆ ಬೇರೆ ಉದ್ದದ ಹಗ್ಗಗಳ ತುದಿಗೆ ಒಂದೇ ನಮೂನೆಯ ಕುಣಿಕೆ ಹಾಕಿದಂತೆ. ಕುಣಿಕೆ ಬೀಳುವುದು ಆಕ್ಟಿನ್ ಎಂಬ ಗೂಟಕ್ಕೆ. ಹಗ್ಗದ ಮತ್ತೊಂದು ತುದಿ ಯಾವುದನ್ನು ಹಿಡಿದಿದೆ ಎಂಬುದರ ಮೇಲೆ ಕೆಲಸ ಬೇರೆ.

ಡಿಸ್ಟ್ರೊಫಿನ್ ಎಂಬ ಹೆಸರು ಬಂದಾಗ ಹುಡುಗಿಯ ಪ್ರಶ್ನೆಗೆ ಬಂದು ಮುಟ್ಟಿದ್ದೆ.

ಡಿಸ್ಟ್ರೊಫಿನ್ 3685 ಅಮೈನೋ ಆಮ್ಲಗಳ ಉದ್ದನೆಯ ಪ್ರೋಟೀನ್. ಅದರ ಒಂದು ತುದಿಯ ಡೊಮೈನ್ ಸ್ನಾಯುಕೋಶದ ಪೊರೆಯ ಒಳಮಗ್ಗುಲಲ್ಲಿರುವ ಆಕ್ಟಿನ್ ದಾರವನ್ನು ಹಿಡಿಯುತ್ತದೆ. ನಡುವಿನಲ್ಲಿಯೂ ಒಂದು ಕಡೆ ಆಕ್ಟಿನ್‌ಗೆ ತಾಗುತ್ತದೆ. ಮತ್ತೊಂದು ತುದಿಯ ಕಡೆ ಡಿಸ್ಟ್ರೊಗ್ಲೈಕನ್ ಎಂಬ, ಪೊರೆಯನ್ನು ಹಾಯ್ದು ಹೊರಗಿನ ಆಧಾರಕ್ಕೆ ಅಂಟಿಕೊಂಡ ಪ್ರೋಟೀನನ್ನು ಹಿಡಿಯುತ್ತದೆ. ಸ್ನಾಯು ಸಂಕುಚಿಸಿ ಎಳೆದಾಗಲೆಲ್ಲ ಆ ಎಳೆತ ಪೊರೆಯ ಒಂದೇ ಬಿಂದುವಿನ ಮೇಲೆ ಬೀಳದೆ ಹಂಚಿಹೋಗಲು ಈ ಕಟ್ಟು ಬೇಕು. ಕಟ್ಟು ಇಲ್ಲದಿದ್ದರೆ ಪೊರೆಯಲ್ಲಿ ಸಣ್ಣ ಸಣ್ಣ ಹರಿತ ಬೀಳುತ್ತವೆ, ಹೊರಗಿನ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಕೋಶ ಸಾಯುತ್ತದೆ. ಮೊದಮೊದಲು ದೇಹ ಹೊಸ ನಾರು ಬೆಳೆಸಿ ತುಂಬಿಕೊಳ್ಳುತ್ತದೆ. ಕಾಲ ಕಳೆದಂತೆ ಸ್ನಾಯುವಿನ ಜಾಗದಲ್ಲಿ ಕೊಬ್ಬು ಮತ್ತು ಗಾಯದ ಕಲೆಯಂಥ ಅಂಗಾಂಶ ಸೇರುತ್ತದೆ. ಈ ಪ್ರೋಟೀನನ್ನು ಗುರುತಿಸಿ ಡಿಸ್ಟ್ರೊಫಿನ್ ಎಂದು ಹೆಸರಿಟ್ಟದ್ದು 1987ರಲ್ಲಿ, ಅಮೆರಿಕದ ಲೂಯಿ ಕುಂಕೆಲ್ ಅವರ ತಂಡ. ಇದರ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ. ಆದ್ದರಿಂದಲೇ ರೋಗ ಬಹುತೇಕ ಗಂಡುಮಕ್ಕಳಿಗೆ ಬರುತ್ತದೆ. ಹುಟ್ಟುವ ಸುಮಾರು 3500ರಿಂದ 5000 ಗಂಡುಮಕ್ಕಳಲ್ಲಿ ಒಬ್ಬರಿಗೆ.

ವೈದ್ಯರು “ಚರ್ಮ ಹರೀತೈತಿ” ಅಂದದ್ದು ಸರಳ ಮಾಡಿದ ಮಾತು, ಆದರೆ ಸುಳ್ಳಲ್ಲ. ಹುಡುಗಿ “ಏನರ ಹಿಡಕೊಂಡಿರಬೇಕಲ್ರಿ” ಅಂದದ್ದು ಅದಕ್ಕಿಂತ ಮುಂದಿನ ಹೆಜ್ಜೆ.

ಇಷ್ಟು ಓದಿದ ಉತ್ಸಾಹದಲ್ಲಿ ಒಂದು ಹೊಸ ಪಾಠ ಯೋಜನೆ ಬರೆದು ಉಪನ್ಯಾಸಕರಿಗೆ ತೋರಿಸಿದೆ. ಅವರು ಪೆನ್ಸಿಲ್ ಹಿಡಿದು ಎಣಿಸಿದರು. “ಹದಿನಾಲ್ಕು ಪ್ರೋಟೀನಿನ ಹೆಸರು ಅದಾವ. ಮಕ್ಕಳು ಮಾಡೋ ಕೆಲಸ ಒಂದೂ ಇಲ್ಲ. ಮೊದಲಿನ ಪಾಠದಾಗ ಉತ್ತರ ಕೊಡಲಿಲ್ಲ, ಈಗ ಉತ್ತರದ ಕೆಳಗ ಪ್ರಶ್ನೀನ ಹೂಳಾಕ ಹೊಂಟೀಯಲ್ಲವಾ” ಅಂದರು. ಆಮೇಲೆ ಇನ್ನೊಂದು ಮಾತು ಕೇಳಿದರು: “ಸ್ನಾಯುಕ್ಷಯದ ಉದಾಹರಣೆ ಹಾಕೀಯಲ್ಲ, ಆ ಹುಡುಗಿ ಅಲ್ಲೇ ಕುಂತಿರತಾಳ. ನಲವತ್ತು ಮಕ್ಕಳು ತಿರುಗಿ ಅಕಿ ಕಡೆ ನೋಡ್ತಾರ. ಆವಾಗ ಏನು ಮಾಡ್ತಿ?”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವಳ ಪ್ರಶ್ನೆಗೆ ಉತ್ತರ ಕೊಡಬೇಕೆಂಬ ಆತುರದಲ್ಲಿ ಅವಳ ಮನೆಯ ಸಂಗತಿಯನ್ನು ಕಪ್ಪುಹಲಗೆಗೆ ಏರಿಸಲು ಹೊರಟಿದ್ದೆ. ಅವಳು ಕೇಳಿದ್ದು ಜೀವಕೋಶದ ಬಗ್ಗೆ. ತಮ್ಮನ ಹೆಸರು ಎತ್ತಿರಲಿಲ್ಲ. ಎಷ್ಟು ಹೇಳಬೇಕೆಂದು ಅವಳೇ ನಿರ್ಧರಿಸಿದ್ದಳು. ಆ ಗೆರೆಯನ್ನು ದಾಟುವ ಹಕ್ಕು ನನಗಿರಲಿಲ್ಲ.

ಹಾಗಾಗಿ ತರಗತಿಗೆ ಬೇರೆ ಉದಾಹರಣೆ ಹುಡುಕಿದೆ. ಸಿಕ್ಕಿದ್ದು ಕೆಂಪು ರಕ್ತಕಣ. ಅದರ ಅಡ್ಡಗಲ 7ರಿಂದ 8 ಮೈಕ್ರೋಮೀಟರ್. ತನಗಿಂತ ಕಿರಿದಾದ ಲೋಮನಾಳದಲ್ಲಿಯೂ ಮಡಚಿಕೊಂಡು ನುಸುಳಿ ಆಚೆ ಹೋಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಸುಮಾರು 120 ದಿನ ಹೀಗೆ ಸುತ್ತಿಯೂ ಅದು ಹರಿಯುವುದಿಲ್ಲ. ಕಾರಣ, ಪೊರೆಯ ಒಳಮಗ್ಗುಲಿಗೆ ಹೆಣೆದ ಬಲೆ. ಬಲೆಯ ಎಳೆ ಸ್ಪೆಕ್ಟ್ರಿನ್, ಗಂಟು ಗಿಡ್ಡನೆಯ ಆಕ್ಟಿನ್ ತುಂಡು. ಒಂದೊಂದು ಗಂಟಿಗೆ ಐದಾರು ಸ್ಪೆಕ್ಟ್ರಿನ್ ಎಳೆಗಳು ತಮ್ಮ ಡೊಮೈನ್‌ನಿಂದ ಅಂಟಿಕೊಂಡಿರುತ್ತವೆ. ಶಾಲೆಯ ಅಂಗಳದ ವಾಲಿಬಾಲ್ ನೆಟ್ ಇದಕ್ಕೆ ಒಳ್ಳೆಯ ಹೋಲಿಕೆ. ವಿಷಯ ಅದೇ, ಕುಣಿಕೆಯೂ ಅದೇ ಜಾತಿಯದು, ಆದರೆ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ.

ಚಟುವಟಿಕೆ ಹೀಗೆ. ಒಂದೇ ಅಳತೆಯ ಹಳೆಯ ದಿನಪತ್ರಿಕೆಯ ಮೂರು ಹಾಳೆ. ಮೊದಲನೆಯದು ಬರಿ ಹಾಳೆ. ಎರಡನೆಯದರ ಮೇಲೆ ಸೆಣಬಿನ ದಾರಗಳನ್ನು ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಸುಮ್ಮನೆ ಇಡುವುದು. ಮೂರನೆಯದರ ಮೇಲೆ ಅಷ್ಟೇ ದಾರ, ಅದೇ ಜೋಡಣೆ, ಆದರೆ ನಾಲ್ಕು ಬೆರಳಿಗೊಂದು ಕಡೆ ಮೈದಾ ಅಂಟಿನಿಂದ ಹಾಳೆಗೆ ಅಂಟಿಸುವುದು. ನಾಲ್ವರು ಮಕ್ಕಳು ಹಾಳೆಯ ನಾಲ್ಕು ಮೂಲೆ ಹಿಡಿದು ನಿಲ್ಲಬೇಕು. ಐದನೆಯವರು ನಡುವೆ ಒಂದೊಂದೇ ಹರಳುಕಲ್ಲು ಇಡುತ್ತಾ ಹೋಗಬೇಕು.

ಮೊದಲ ಸಲ ರಾತ್ರಿ ಕೋಣೆಯಲ್ಲಿ ಮಾಡಿ ನೋಡಿದಾಗ ಅಂಟಿಸಿದ ಹಾಳೆಯೇ ಎಲ್ಲಕ್ಕಿಂತ ಮೊದಲು ಹರಿಯಿತು! ಅಂಟು ಹಸಿ ಇತ್ತು, ಹಾಳೆ ನೆನೆದಿತ್ತು. ಮಾಡಿ ನೋಡದೆ ತರಗತಿಗೆ ಒಯ್ದಿದ್ದರೆ ಮಕ್ಕಳ ಮುಂದೆ ಉಲ್ಟಾ ಫಲಿತಾಂಶ ಹಿಡಿದು ನಿಲ್ಲುತ್ತಿದ್ದೆ. ಅಂಟು ತೆಳುವಾಗಿ ಹಚ್ಚಿ, ರಾತ್ರಿಯಿಡೀ ಒಣಗಿಸಬೇಕು. ಇದನ್ನು ಮಾಡುವವರು ದಯವಿಟ್ಟು ಗಮನಿಸಿ.

ತರಗತಿಯಲ್ಲಿ ಬರಿ ಹಾಳೆ ಐದನೆಯ ಕಲ್ಲಿಗೆ ಹರಿಯಿತು. ದಾರ ಸುಮ್ಮನೆ ಇಟ್ಟ ಹಾಳೆಯೂ ಐದನೆಯದಕ್ಕೇ ಹರಿಯಿತು, ದಾರಗಳು ಜಾರಿ ಕೆಳಗೆ ಬಿದ್ದವು, ಮಕ್ಕಳು ನಕ್ಕರು. ಅಂಟಿಸಿದ ಹಾಳೆ ಹದಿನಾಲ್ಕನೆಯ ಕಲ್ಲಿನ ತನಕ ತಡೆಯಿತು. “ಎರಡನೇದಕ್ಕೂ ಮೂರನೇದಕ್ಕೂ ಏನು ಫರಕು?” ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಆ ತನಕ ನನ್ನ ಪಾಠದಲ್ಲಿ ಬಾಯಿ ಬಿಟ್ಟವನಲ್ಲ, ಹೇಳಿದ: “ದಾರ ಎರಡರಾಗೂ ಅಷ್ಟ ಅದಾವ್ರಿ. ಅಂಟು ಇಲ್ದ ದಾರ ಸುಮ್ನ ಭಾರ.”

ನಾನು ಹದಿನಾಲ್ಕು ಹೆಸರು ಬರೆದು ಹೇಳಲು ಹೊರಟಿದ್ದು ಇದನ್ನೇ. ಕಪ್ಪುಹಲಗೆಯ ಮೇಲೆ ಆ ದಿನ ಮೂರೇ ಪದ ಬರೆದೆ: ಪೊರೆ, ಆಕ್ಟಿನ್, ಹಿಡಿಯುವ ಪ್ರೋಟೀನ್. ಆಮೇಲೆ ಕೆಂಪು ರಕ್ತಕಣದ ಚಿತ್ರ, ಆಮೇಲೆ ವಾಲಿಬಾಲ್ ನೆಟ್. ಕೊನೆಗೆ ಹೋಲಿಕೆ ಎಲ್ಲಿ ಹೊಂದುವುದಿಲ್ಲ ಎಂದೂ ಹೇಳಿದೆ. ಮೈದಾ ಅಂಟು ಒಮ್ಮೆ ಒಣಗಿದರೆ ಮುಗಿಯಿತು. ಕೋಶದೊಳಗಿನ ಹಿಡಿತ ಹಾಗಲ್ಲ, ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ರಕ್ತಕಣದ ಬಲೆಯಲ್ಲಿ ಆಕ್ಟಿನ್ ಗಂಟಿನ ಜಾಗದಲ್ಲಿದೆ, ನಮ್ಮ ಹಾಳೆಯಲ್ಲಿ ದಾರದ ಜಾಗದಲ್ಲಿತ್ತು. ಹೋಲಿಕೆ ಕೊಟ್ಟ ಶಿಕ್ಷಕರೇ ಅದರ ಕೊರತೆಯನ್ನೂ ಹೇಳದಿದ್ದರೆ ಮಕ್ಕಳು ಹಾಳೆಯನ್ನೇ ಜೀವಕೋಶವೆಂದು ಒಯ್ಯುತ್ತಾರೆ, ನಾನು ‘ಅಸ್ಥಿ’ ಪದವನ್ನು ಒಯ್ದ ಹಾಗೆ.

ಆ ಹುಡುಗಿ ಪಾಠದುದ್ದಕ್ಕೂ ಏನೂ ಕೇಳಲಿಲ್ಲ. ಬಿಸಿಯೂಟದ ಗಂಟೆ ಹೊಡೆದ ಮೇಲೆ ಹರಿದ ಹಾಳೆಗಳನ್ನು ಮಡಚಲು ಬಂದಳು. ಎಲ್ಲರೂ ಹೊರಗೆ ಹೋಗುವುದನ್ನೇ ಕಾದಿದ್ದು ಕೇಳಿದಳು:

“ಮೇಡಂರೀ, ನಮ್ಮ ತಮ್ಮಗ ಈ ಅಂಟು ಇಲ್ಲೇನ್ರಿ?”

ಉದಾಹರಣೆ ರಕ್ತಕಣದ್ದು, ಸ್ನಾಯುವಿನ ಕಡೆಗೆ ಅವಳೇ ನಡೆದು ಬಂದಿದ್ದಳು. ಹೌದು ಎಂದೆ. ಆ ರೋಗದಲ್ಲಿ ದಾರವೂ ಇರುತ್ತದೆ, ಪೊರೆಯೂ ಇರುತ್ತದೆ, ಎರಡನ್ನೂ ಹಿಡಿದಿಡುವ ಡಿಸ್ಟ್ರೊಫಿನ್ ಇರುವುದಿಲ್ಲ ಅಥವಾ ಕೆಲಸಕ್ಕೆ ಬಾರದಂತಿರುತ್ತದೆ ಎಂದು ಹೇಳಿದೆ. ಅವನಲ್ಲಿ ಏನಾಗಿದೆ ಎಂಬುದನ್ನು ವರದಿ ನೋಡಿ ವೈದ್ಯರೇ ಹೇಳಬೇಕು, ನಾನು ಹೇಳುವುದು ಪುಸ್ತಕದ ಮಾತು ಎಂದೂ ಹೇಳಿದೆ.

“ಹಂಗಾರ ಆ ಅಂಟು ಹೊರಗಿಂದ ಹಚ್ಚಾಕ ಬರಂಗಿಲ್ಲೇನ್ರಿ?”

ಇಲ್ಲಿ ‘ಮುಂದೆ ಎಲ್ಲ ಸರಿಹೋಗುತ್ತದೆ’ ಎನ್ನುವುದು ಸುಲಭ. ನಾನು ಓದಿದ್ದಷ್ಟನ್ನೇ ಹೇಳಿದೆ. ಇದೇ ಪ್ರೋಟೀನ್ ಕೆಟ್ಟು ಬರುವ ಬೆಕರ್ ಎಂಬ ಇನ್ನೊಂದು ರೋಗವಿದೆ. ಅದರಲ್ಲಿ ಸಾಮಾನ್ಯವಾಗಿ ಹಗ್ಗದ ನಡುವಿನ ತುಂಡು ಇರುವುದಿಲ್ಲ, ಆದರೆ ಎರಡೂ ತುದಿಯ ಹಿಡಿತ ಉಳಿದಿರುತ್ತದೆ. ಅವರು ಎಷ್ಟೋ ಹೆಚ್ಚು ವರ್ಷ ನಡೆಯುತ್ತಾರೆ. ಡ್ಯುಶೇನ್‌ನಲ್ಲಿ ಹಗ್ಗ ಅರ್ಧಕ್ಕೇ ಮುಗಿದುಹೋಗುತ್ತದೆ, ಪೊರೆ ಹಿಡಿಯುವ ತುದಿಯೇ ಇರುವುದಿಲ್ಲ. ಇದನ್ನು ನೋಡಿದ ವಿಜ್ಞಾನಿಗಳು ನಡುವಿನ ಉದ್ದ ಕಡಿಮೆ ಮಾಡಿ, ಮುಖ್ಯ ಹಿಡಿತಗಳನ್ನು ಉಳಿಸಿದ ಗಿಡ್ಡ ಡಿಸ್ಟ್ರೊಫಿನ್ ರೂಪಿಸಿದ್ದಾರೆ. ಅದರ ಜೀನನ್ನು ದೇಹಕ್ಕೆ ಸೇರಿಸುವ ಒಂದು ಚಿಕಿತ್ಸೆಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ರೋಗವನ್ನು ಪೂರ್ತಿ ವಾಸಿ ಮಾಡುವುದಿಲ್ಲ, ಬೆಲೆ ವಿಪರೀತ, ಯಕೃತ್ತು ಕೆಟ್ಟು ರೋಗಿಗಳು ಸತ್ತದ್ದೂ ಇದೆ. “ಹುಡುಕಾಟ ನಡದೈತಿ. ಇನ್ನೂ ಪೂರಾ ಸಿಕ್ಕಿಲ್ಲ” ಎಂದೆ.

ಅವಳು ಅಳಲಿಲ್ಲ. “ನಮ್ಮ ರಾಜ್ಯದಾಗ ಯಾರರ ಹುಡುಕ್ತಾರೇನ್ರಿ?” ಎಂದು ಕೇಳಿದಳು.

ಅದೃಷ್ಟಕ್ಕೆ ಅದಕ್ಕೆ ನನ್ನ ಬಳಿ ಉತ್ತರವಿತ್ತು. ಬೆಂಗಳೂರಿನ ಇನ್‌ಸ್ಟೆಮ್ ಮತ್ತು ಎನ್‌ಸಿಬಿಎಸ್ ಸಂಸ್ಥೆಗಳು ಒಂದೇ ಆವರಣದಲ್ಲಿವೆ. ಅಲ್ಲಿ ಮಿನ್ಹಾಜ್ ಸಿರಾಜುದ್ದೀನ್ ಮತ್ತು ಕುಟ್ಟಿ ವಿನೋದ್‌ಕುಮಾರ್ ಅವರ ತಂಡಗಳು ಸೇರಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ಮಾದರಿಯನ್ನು ಹೆಪ್ಪುಗಟ್ಟಿಸಿ ನೋಡುವ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಆಕ್ಟಿನ್ ತಂತುವಿನ ಮೇಲೆ ಯಾವ ಅಣು ಎಲ್ಲಿ ಕೂರುತ್ತದೆ ಎಂಬುದನ್ನು ಅವರು ನೋಡಿದರು. ಅವರು ನೋಡಿದ್ದರಲ್ಲಿ ಒಂದು ಯುಟ್ರೊಫಿನ್‌ನ ಕ್ಯಾಲ್ಪೊನಿನ್ ಹೋಮಾಲಜಿ ಡೊಮೈನ್. ಯುಟ್ರೊಫಿನ್ ಎಂದರೆ ಡಿಸ್ಟ್ರೊಫಿನ್‌ನ ಹತ್ತಿರದ ನಂಟು. ಮಗು ಹೊಟ್ಟೆಯಲ್ಲಿದ್ದಾಗ ಸ್ನಾಯುವಿನ ಪೊರೆಯಲ್ಲಿ ಅದೇ ಹೆಚ್ಚಾಗಿರುತ್ತದೆ, ಆಮೇಲೆ ಡಿಸ್ಟ್ರೊಫಿನ್ ಆ ಜಾಗಕ್ಕೆ ಬರುತ್ತದೆ. ಆ ಅಧ್ಯಯನ ಔಷಧದ ಅಧ್ಯಯನವಲ್ಲ, ಜೀವಂತ ಕೋಶದಲ್ಲಿ ಆಕ್ಟಿನ್ ಗುರುತಿಸಲು ಬಳಸುವ ಅಣುಗಳ ಬಗ್ಗೆ. ಇದನ್ನೂ ಅವಳಿಗೆ ಸ್ಪಷ್ಟವಾಗಿ ಹೇಳಿದೆ. ಆದರೂ “ಆ ಕುಣಿಕೀನ ಬೆಂಗಳೂರಾಗ ಕಣ್ಣಿಲೆ ನೋಡ್ಯಾರಂತ” ಎಂಬ ಮಾತು ಅವಳಿಗೆ ಇಷ್ಟವಾಯಿತು. ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ಮರುದಿನ ಅವಳ ತಾಯಿ ಶಾಲೆಗೆ ಬಂದರು. ಮಗಳು ಮನೆಯಲ್ಲಿ ಹಾಳೆ, ದಾರ ಹಿಡಿದು ಅದೇ ಪ್ರಯೋಗ ತೋರಿಸಿದ್ದಳಂತೆ. ತರಗತಿ ಶಿಕ್ಷಕಿಯೂ ಜೊತೆಗೆ ಕುಳಿತರು. ತಾಯಿ ಕೇಳಿದ್ದು ಬೇರೆಯೇ. “ಅಕ್ಕೋರ, ಇವ ಹೊಟ್ಟ್ಯಾಗಿದ್ದಾಗ ಗ್ರಹಣದಾಗ ಹೊರಗ ಬಂದಿದ್ದೆ. ಅದಕ್ಕ ಹಿಂಗಾತು ಅಂತಾರ ಮನ್ಯಾಗ. ಖರೇ ಏನ್ರಿ?”

ಪಾಠ ಯೋಜನೆಯಲ್ಲಿ ಇಲ್ಲದ ಪ್ರಶ್ನೆ ಎರಡನೆಯ ಸಲ ನನ್ನ ಮುಂದೆ ನಿಂತಿತ್ತು. ಗ್ರಹಣದಿಂದಲ್ಲ, ಊಟದಿಂದಲ್ಲ, ಯಾರ ತಪ್ಪಿನಿಂದಲೂ ಅಲ್ಲ ಎಂದು ಹೇಳಿದೆ. ಪ್ರೋಟೀನ್ ಕಟ್ಟುವ ಸೂಚನೆಯಲ್ಲಿ ಆದ ಬದಲಾವಣೆ ಅದು. ಕೆಲವು ಮನೆಗಳಲ್ಲಿ ತಾಯಿಗೇ ತಿಳಿಯದಂತೆ ಅವಳ ಮೂಲಕ ಬಂದಿರುತ್ತದೆ, ಸುಮಾರು ಮೂರರಲ್ಲಿ ಒಂದು ಮಗುವಿನಲ್ಲಿ ಹೊಸದಾಗಿಯೇ ಆಗಿರುತ್ತದೆ. ನಿಮ್ಮಲ್ಲಿ ಯಾವುದು ಎಂಬುದನ್ನು ಆನುವಂಶಿಕ ಪರೀಕ್ಷೆ ಮಾಡಿ ಹೇಳುತ್ತಾರೆ, ಮಗಳು ದೊಡ್ಡವಳಾಗುವ ಮೊದಲು ವೈದ್ಯರ ಬಳಿ ಆ ಸಲಹೆ ಕೇಳಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ-ಸ್ನಾಯು ರೋಗಗಳನ್ನು ನೋಡುವವರಿದ್ದಾರೆ ಎಂದೆ. ಅದಕ್ಕಿಂತ ಮುಂದೆ ಹೋಗಲಿಲ್ಲ. ನಾನು ವೈದ್ಯೆಯಲ್ಲ.

ತರಗತಿ ಶಿಕ್ಷಕಿ ಇನ್ನೊಂದು ಉಪಯೋಗದ ಮಾತು ಸೇರಿಸಿದರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸ್ನಾಯುಕ್ಷಯವೂ ಸೇರಿದೆ. ಪ್ರಮಾಣಪತ್ರ ಮಾಡಿಸಿದರೆ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಮುಖ್ಯೋಪಾಧ್ಯಾಯರೊಂದಿಗೆ ಮಾತನಾಡಿ ಆ ಹುಡುಗನ ತರಗತಿಯನ್ನು ಮೆಟ್ಟಿಲಿಲ್ಲದ ಕೋಣೆಗೆ ಬದಲಿಸಲಾಯಿತು. ಇಡೀ ಪ್ರಸಂಗದಲ್ಲಿ ಅವನಿಗೆ ನೇರವಾಗಿ ಆದ ಅನುಕೂಲ ಇದೊಂದೇ.

ಪ್ರಶಿಕ್ಷಣಾರ್ಥಿ ಗೆಳೆಯರಿಗೆ ಇಲ್ಲೊಂದು ಮಾತು. ಮೂರರಿಂದ ಐದಾರು ವರ್ಷದ ಹುಡುಗ ಪದೇ ಪದೇ ಬೀಳುತ್ತಿದ್ದರೆ, ತುದಿಗಾಲಲ್ಲಿ ನಡೆಯುತ್ತಿದ್ದರೆ, ಮೀನಖಂಡ ದಪ್ಪವಾಗಿ ಕಂಡರೂ ಮೆಟ್ಟಿಲು ಹತ್ತಲಾರದೆ ಇದ್ದರೆ, ತೊಡೆಯ ಮೇಲೆ ಕೈಯೂರಿ ಏಳುತ್ತಿದ್ದರೆ ಸೋಮಾರಿ ಎನ್ನಬೇಡಿ. ಕೈಯೂರಿ ಏಳುವ ಆ ರೀತಿಯನ್ನು ವಿಲಿಯಂ ಗವರ್ಸ್ ಎಂಬ ವೈದ್ಯರು 1879ರಲ್ಲೇ ವಿವರಿಸಿದ್ದರು. ಇಂದಿಗೂ ವೈದ್ಯರು ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಅಂಗನವಾಡಿ ಕಾರ್ಯಕರ್ತೆ, ಪ್ರಾಥಮಿಕ ಶಾಲೆಯ ಶಿಕ್ಷಕರು ಇದನ್ನು ಎಲ್ಲರಿಗಿಂತ ಮೊದಲು ನೋಡುವ ಜಾಗದಲ್ಲಿದ್ದಾರೆ. ಇಂಥ ಮಗುವನ್ನು ಬಲವಂತವಾಗಿ ಓಡಿಸುವುದು, ಬಸ್ಕಿ ಹೊಡೆಸುವುದು ಹರಿಯುತ್ತಿರುವ ಪೊರೆಯನ್ನು ಇನ್ನಷ್ಟು ಎಳೆದ ಹಾಗೆ. ಕವಾಯತು ಬಿಡಿಸಿ, ಪಾಲಕರನ್ನು ಕರೆದು, ವೈದ್ಯರ ಬಳಿ ಕಳಿಸಿ.

ನನ್ನ ಪಾಠ ಯೋಜನೆಯ ಬಗ್ಗೆಯೂ ಹೇಳಬೇಕು. ‘ಪಠ್ಯದಲ್ಲಿ ಇಲ್ಲ’ ಎಂಬ ಉತ್ತರವನ್ನು ನಾನು ಈಗ ಕೊಡುವುದಿಲ್ಲ. ಎಲ್ಲ ಪ್ರಶ್ನೆಗೂ ಅಲ್ಲೇ ಉತ್ತರಿಸುತ್ತೇನೆ ಎಂದಲ್ಲ. ಹನ್ನೆರಡು ನಿಮಿಷ ಹನ್ನೆರಡೇ ನಿಮಿಷ. ಕಪ್ಪುಹಲಗೆಯ ಬಲಮೂಲೆಯಲ್ಲಿ ಒಂದು ಚೌಕ ಹಾಕಿ ಪ್ರಶ್ನೆಯನ್ನು ಮಕ್ಕಳ ಮಾತಿನಲ್ಲೇ ಬರೆದಿಡುತ್ತೇನೆ. ಪಾಠ ಮುಗಿದ ಮೇಲೆ ಅದನ್ನು ಪಾಠ ಯೋಜನೆಯ ಕೊನೆಯ ಪುಟಕ್ಕೆ ಇಳಿಸಿಕೊಳ್ಳುತ್ತೇನೆ. ಒಂದು ವಾರದೊಳಗೆ ಅದಕ್ಕೆ ಮರಳಿ ಬರುತ್ತೇನೆ, ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದು ಹೇಳಲಿಕ್ಕಾದರೂ.

ಬಿಂಕದಕಟ್ಟಿಯ ಕೊನೆಯ ದಿನ ಮಕ್ಕಳು ಹಾಡು ಹೇಳಿ, ಪೆನ್ನು ಕೊಟ್ಟು ಬೀಳ್ಕೊಟ್ಟರು. ಬಸ್ಸಿಗೆ ಹೊತ್ತಾಗಿತ್ತು. ಆ ಹುಡುಗಿ ಗೇಟಿನ ತನಕ ಬಂದಳು. ತಮ್ಮನ ಮಾತು ಎತ್ತಲಿಲ್ಲ.

“ಮೇಡಂರೀ, ಆ ದಾರ ಕಟ್ಟೂದು ಗೊತ್ತಾತ್ರಿ. ಬಿಚ್ಚೋದು ಯಾರ್ರಿ? ಬ್ಯಾಡಾದಾಗ ಬಿಚ್ಚಬೇಕಲ್ರಿ?”

ಕೋಫಿಲಿನ್ ಎಂಬ ಹೆಸರು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ನಿಂತ ಮಕ್ಕಳು, ಮುಂದೆ ಒಬ್ಬರು ಸೇರುವುದು, ಹಿಂದಿನಿಂದ ಒಬ್ಬರು ಕಳಚಿ ಮತ್ತೆ ಮುಂದಕ್ಕೆ ಓಡುವುದು, ಹೀಗೆ ಇಡೀ ಸಾಲು ಅಂಗಳದಲ್ಲಿ ತಾನೇ ಸರಿಯುವುದು. ಅಂಥ ಆಟವೊಂದನ್ನು ಬರೆದು ತರಗತಿ ಶಿಕ್ಷಕಿಗೆ ಕಳಿಸುತ್ತೇನೆ, ಆಡಿ ನೋಡಿ ನೀವೇ ಹೇಳಿರಿ ಎಂದೆ. ಕಳಿಸಿದ್ದೇನೆ. ಮುಂದಿನ ತಂಡದಲ್ಲಿ ಬಿಂಕದಕಟ್ಟಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಉತ್ತರ ಏನು ಬಂತೆಂದು ಕೇಳಿಕೊಂಡು ಬರಬೇಕು.